ಹಿತ್ತಲ ಬಾಗಿಲ ತಾಟು

ಆ ಸಂಜೆ ಬಂಡೆ ಸರಿಯಿತೋ ಇಲ್ಲವೋ ನನಗೆ ಖಚಿತವಿಲ್ಲ. ಸರಿಯಿತೆಂದು ಹೇಳಿದ್ದು ಒಂದು ಮಗು. ಅದು ಹಾಗೆ ಹೇಳಿತೋ, ಆಮೇಲೆ ನಾನೇ ಅದರ ಬಾಯಿಗೆ ಆ ಮಾತು ಹಾಕಿದೆನೋ, ಅದೂ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ನಮಗೆ ಸಾಕ್ಷ್ಯವನ್ನು ಅನುಮಾನಿಸಲು ಕಲಿಸಿದ್ದರು. ಸಾಕ್ಷಿ ನಾನೇ ಆದಾಗ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಆನೆಗೊಂದಿಯ ಅಂಚಿನಲ್ಲಿ, ಬಂಡೆಗುಡ್ಡದ ಬುಡಕ್ಕೆ, ತಾಯಿಯ ಕಡೆಯಿಂದ ನನಗೆ ಬಂದ ಮನೆಯೊಂದಿದೆ. ನಾನಿರುವುದು ಗಂಗಾವತಿಯಲ್ಲಿ. ಆನೆಗೊಂದಿಯ ಆ ಮನೆಯಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದದ್ದು ಗಾದಿ ಹೊಲಿಯುವ ಒಂದು ಕುಟುಂಬ. ಗಂಡ ಹತ್ತಿ ತುಂಬಿ ಗಾದಿ ಹೊಲಿಯುತ್ತಿದ್ದರು, ಹೆಂಡತಿ ಬಾಳೆನಾರಿನ ಚೀಲ ಹೆಣೆಯುತ್ತಿದ್ದರು. ಓಣಿಯವರೆಲ್ಲ ಆಕೆಯನ್ನು ಚಾಚಿ ಎನ್ನುತ್ತಿದ್ದರು, ನಾನೂ.

ನಾನು ಸಂಜೆ ಹೊತ್ತು ಹೋದಾಗಲೆಲ್ಲ ಒಂದು ಆಟ ಕಾಣುತ್ತಿತ್ತು. ಹಿತ್ತಲ ಬಾಗಿಲ ಪಕ್ಕದ ಮೊಳೆಗೆ ತಗ್ಗುಬಿದ್ದ ಹಳೆಯ ಊಟದ ತಾಟೊಂದನ್ನು ತೂಗುಹಾಕಿದ್ದರು. ಚಾಚಿ ಅದನ್ನು ತೆಗೆದು ಸೌಟಿನಿಂದ ಬಡಿಯುವರು, ಸ್ವಲ್ಪ ಹೊತ್ತು ಕಾಯುವರು, ಆಮೇಲೆ ಅಗುಳಿ ಸರಿಸುವರು.

"ಯಾಕ ಚಾಚಿ, ಯಾರನ್ನ ಊಟಕ್ಕ ಕರೀತೀರಿ?" ಎಂದು ಒಮ್ಮೆ ಕೇಳಿದೆ.

"ಕರಿಯೂದಲ್ಲ ತಮ್ಮಾ. ನಾವು ಹೊರಗ ಬರಾಕತ್ತೀವಿ ಅಂತ ತಿಳಸೂದು."

"ಯಾರಿಗೆ?"

ಅವರು ಗಲ್ಲ ಎತ್ತಿ ಗುಡ್ಡ ತೋರಿಸಿದರು. "ದೀಪ ಹಚ್ಚಿದ ಮ್ಯಾಲ ಹೆಸರು ತೆಗಿಬಾರದು. ನೀ ಅಷ್ಟು ಓದಿದಾಂವ, ಇಷ್ಟು ಗೊತ್ತಾಗಂಗಿಲ್ಲೇನು?"

ದೆವ್ವವೋ ಜಿನ್ನೋ ಇರಬೇಕೆಂದುಕೊಂಡು ನಾನು ನಕ್ಕೆ. ಗೆಳೆಯರಿಗೆ ಇದನ್ನು ತಮಾಷೆಯಾಗಿ ಹೇಳಿದ್ದೂ ಉಂಟು.

ಊರಿಗೆ ಪ್ರವಾಸಿಗರು ಹೆಚ್ಚಿದಂತೆ, ಸುಮ್ಮನಿರಲಾರದ ನನ್ನ ತಲೆಗೆ ಆ ಮನೆ ಬೇರೆಯಾಗಿ ಕಾಣತೊಡಗಿತು. ತಿಂಗಳ ಬಾಡಿಗೆ ಬಿಟ್ಟು, ಒಂದೆರಡು ದಿನಕ್ಕೆ ಬರುವವರಿಗೆ ನಾನೇ ಕೊಡಬೇಕು, ನಡುವೆ ಯಾರೂ ಬೇಡ. ಮನೆ ಬಿಡಿರೆಂದು ಹೇಳಿದಾಗ ಚಾಚಿ ಜಗಳ ಮಾಡಲಿಲ್ಲ. "ತಿಂಗಳ ಮಂದಿ ಸಾಕಾದ್ರು, ಈಗ ದಿನದ ಮಂದಿ ಬೇಕಾದ್ರು. ಆಗ್ಲಿ ಬಿಡಪ್ಪಾ" ಎಂದರು. ಅವರಿಗೆ ಗಂಗಾವತಿಯಲ್ಲೇ ಮನೆ ಸಿಕ್ಕಿತು.

ಕೀಲಿಕೈ ಕೊಟ್ಟ ದಿನದ ನೆನಪು ನನ್ನಲ್ಲಿ ಎರಡು ತೆರನಾಗಿದೆ. ಒಂದರಲ್ಲಿ ಚಾಚಿ ಟಾಟಾ ಏಸ್ ಹತ್ತುವ ಮುಂಚೆ ತಿರುಗಿ, "ಸಂಜಿಮುಂದ ತಾಟು ಮರೀಬ್ಯಾಡ ತಮ್ಮಾ" ಎನ್ನುತ್ತಾರೆ. ಇನ್ನೊಂದರಲ್ಲಿ ಏನೂ ಅನ್ನುವುದಿಲ್ಲ. ಎಲ್ಲ ಪಾತ್ರೆ ಒಯ್ದವರು ಆ ತಾಟನ್ನು ಮಾತ್ರ ಮೊಳೆಯಲ್ಲೇ ಬಿಟ್ಟಿರುತ್ತಾರೆ, ಅಷ್ಟೇ.

ಗೋಡೆಗೆ ಸುಣ್ಣ, ಮಂಚಕ್ಕೆ ಬಿಳಿ ಚಾದರ, ಬಚ್ಚಲಿಗೆ ಗೀಜರ್. ಫೋನಿನಲ್ಲಿ ಫೋಟೋ ಹಾಕುವವನೂ ನಾನೇ, ಚಾದರ ಒಗೆಯುವವನೂ ನಾನೇ. ಗುಡ್ಡ ಚೆನ್ನಾಗಿ ಕಾಣಲೆಂದು ಹಿತ್ತಲ ಜಾಲಿಮುಳ್ಳಿನ ಬೇಲಿ ಕೀಳಿಸಿದೆ. ಕಣ್ಣು ಕುಕ್ಕುವ ದೊಡ್ಡ ಬಲ್ಬು ತೆಗೆದು ಮಂದ ಹಳದಿ ದೀಪ ಹಾಕಿಸಿದೆ. ಬಂಡೆಗಳಿಗೆ ಮುಖಮಾಡಿ ಕೂರಲು ಒಂದು ಕಟ್ಟೆ, ಕೆಳಗೆ ಮೆಟ್ಟಿಲು. ತಾಟನ್ನು ಕಟ್ಟೆಯ ಮೇಲಿನ ಹೂಕುಂಡದ ಅಡಿಗೆ ಇಟ್ಟೆ, ನೀರು ಸೋರದಿರಲಿ ಎಂದು. ಬಾಗಿಲಿಗೆ ಬರೆದು ಅಂಟಿಸಿದೆ: ದಯವಿಟ್ಟು ಗದ್ದಲ ಮಾಡಬೇಡಿ. ಮೊದಲು ಬಂದವರೆಲ್ಲ ಆ ಮೌನವನ್ನೇ ಹೊಗಳಿದರು.

ಮೆಟ್ಟಿಲಿಗೆ ಸಿಮೆಂಟು ಹಾಕಿದ ಮರುದಿನ ಬೆಳಿಗ್ಗೆ ಅದರಲ್ಲೊಂದು ಹೆಜ್ಜೆ ಅಚ್ಚೊತ್ತಿತ್ತು. ಗೌಂಡಿ ನೋಡಿ, "ನಾಯಿ ತುಳದೈತ್ರಿ ಸರ. ಅಳಿಸಿ ಮ್ಯಾಲೊಂದು ಪದರು ಎಳೀಲೇನ್ರಿ?" ಎಂದ. ನನಗೂ ನಾಯಿಯದೇ ಅನಿಸಿತು. ಬಂದವರಿಗೆ ಮುದ್ದಾಗಿ ಕಾಣುತ್ತದೆ, ಇರಲಿ ಬಿಡು ಎಂದೆ. ಓಣಿಯ ನಾಯಿಗಳು ಹಿತ್ತಲಿಗೆ ಬರುವುದನ್ನು ಬಿಟ್ಟು ಆಗಲೇ ಎಷ್ಟೋ ದಿನವಾಗಿತ್ತು. ಈ ಎರಡನ್ನೂ ನಾನು ಒಟ್ಟಿಗೆ ಇಟ್ಟು ನೋಡಲಿಲ್ಲ.

ನಾನು ಮೊದಲು ಹೇಳಿದ ಆ ಸಂಜೆ, ಹುಲಿಗಿಯ ಗುಡಿಗೆ ಹೋಗಿ ಬಂದ ಹುಬ್ಬಳ್ಳಿಯ ಕುಟುಂಬವೊಂದು ಇಳಿದಿತ್ತು. ಗಂಡ, ಹೆಂಡತಿ, ಅಜ್ಜಿ, ಒಂದು ಪುಟ್ಟ ಹುಡುಗಿ. ದೊಡ್ಡವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಹುಡುಗಿ ಒಬ್ಬಳೇ ಕೊನೆಯ ಮೆಟ್ಟಿಲ ಮೇಲೆ ಕೂತು ಹರಳು ಆಡುತ್ತಿದ್ದಳು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಗುಡ್ಡದ ಮೇಲಿನ ಕರಿಮೂತಿಯ ಮುಸ್ಯಾ ಮಂಗಗಳು ಒಮ್ಮೆಗೇ ಕೆಮ್ಮಿದಂತೆ ಕೂಗಿದವು. ಆಮೇಲೆ ಥಟ್ಟನೆ ನಿಂತವು. ಬಾಳೆತೋಟದ ಎಲೆಯ ಸದ್ದೂ ಕೇಳದಾಯಿತು.

"ಅಂಕಲ್, ಆ ಕಲ್ಲು ಸರೀತು."

ನಾನು ನೋಡಿದೆ. ಕಲ್ಲು ಕಲ್ಲಾಗಿಯೇ ಇತ್ತು. ಆದರೆ ಬೇಲಿ ಇದ್ದ ಜಾಗ ಖಾಲಿ ಇರುವುದು ನನಗೆ ಮೊದಲ ಬಾರಿಗೆ ಕಂಡದ್ದು ಆಗ. ಆ ಕಲ್ಲಿಗೂ ಮಗುವಿಗೂ ನಡುವೆ ಏನೂ ಇರಲಿಲ್ಲ.

ಹೂಕುಂಡ ಉರುಳಿಸಿ ತಾಟು ಎಳೆದುಕೊಂಡೆ. ಕೈಗೆ ಸಿಕ್ಕ ಚಮಚದಿಂದ ಬಡಿದೆ. ಕೆಸರು ಮುಖಕ್ಕೆ ಸಿಡಿಯಿತು, ನಿಲ್ಲಿಸಲಿಲ್ಲ. ಬಡಿಯುತ್ತಲೇ ಮೆಟ್ಟಿಲಿಳಿದು ಹುಡುಗಿಯನ್ನು ಕಂಕುಳಿಗೆ ಎತ್ತಿಕೊಂಡೆ.

ಅಜ್ಜಿ ನಕ್ಕರು. "ಇದೂ ಪ್ಯಾಕೇಜಿನ್ಯಾಗ ಬರ್ತೈತೇನ್ರಿ? ಗದ್ದಲ ಮಾಡಬ್ಯಾಡ್ರಿ ಅಂತ ನಮಗ ಹೇಳಿ, ತಾವು ನೋಡ್ರಿ!"

"ಒಳಗ ನಡೀರಿ ಅಜ್ಜಿ. ಎಲ್ಲಾರೂ ಒಳಗ."

ನನ್ನ ದನಿ ಹೇಗಿತ್ತೋ, ಅವರ ನಗು ಅಲ್ಲೇ ನಿಂತಿತು. ಎಲ್ಲರೂ ಒಳಗೆ ಬಂದ ಮೇಲೆ ಅಗುಳಿ ಹಾಕಿದೆ. ಮೇಲೆ ಗುಡ್ಡದಲ್ಲಿ ಒಂದು ಸಣ್ಣ ಕಲ್ಲು ಉರುಳಿದ ಸದ್ದು ಕೇಳಿದಂತಾಯಿತು. ಕೇಳಿದಂತಾಯಿತು ಎಂದಷ್ಟೇ ಬರೆಯಬಲ್ಲೆ.

ಆ ವಾರವೇ ಚಾಚಿಯ ಹೊಸ ಮನೆಗೆ ಹೋದೆ. ಹೋಗುವ ದಿನ ನೀವು ನನಗೆ ತಾಟಿನ ವಿಷಯ ಹೇಳಿದ್ದಿರಾ ಎಂದು ಕೇಳಿದೆ. ಬಾಳೆನಾರು ಹೊಸೆಯುತ್ತಿದ್ದ ಕೈ ನಿಲ್ಲಲಿಲ್ಲ.

"ಹೇಳಿದ್ನೋ ಇಲ್ಲೋ, ನನಗೂ ನೆನಪಿಲ್ಲ ತಮ್ಮಾ. ತಾಟು ಬಿಟ್ಟು ಬಂದಿದ್ನೆಲ್ಲ?" ಎಂದವರು, "ಬೇಲಿ ಐತಿಲ್ಲೋ?" ಎಂದು ಕೇಳಿದರು.

ಹೊರಗೆ ಬಿಸಿಲಿತ್ತು, ಹಾಗಾಗಿ ಅವರು ಈ ಸಲ ಹೆಸರು ತೆಗೆದರು. ಚಿರತೆ ಎಂದರು, ಉಗುರು ಒಳಗೆಳೆದುಕೊಂಡು ಓಡಾಡುತ್ತದೆ ಎಂದರು, ಪಕ್ಕದ ಮನೆಯವರ ಬಗ್ಗೆ ಹೇಳುವಷ್ಟು ಸಹಜವಾಗಿ.

ಬಂಡೆ, ಕಲ್ಲುರುಳಿದ ಸದ್ದು, ಚಾಚಿಯ ಮಾತು, ಇವು ಯಾವುದಕ್ಕೂ ನಾನು ಪ್ರಮಾಣ ಮಾಡಲಾರೆ. ಆದರೆ ಅಂದೇ ಮಧ್ಯಾಹ್ನ ಆನೆಗೊಂದಿಗೆ ಹೋಗಿ, ಮೆಟ್ಟಿಲ ಮೇಲಿನ ಮಣ್ಣು ತೊಳೆದು, ಸಿಮೆಂಟಿನ ಆ ಹೆಜ್ಜೆಯ ಮುಂದೆ ಕೂತೆ. ಅದರ ಪಕ್ಕದ ಒದ್ದೆ ಮಣ್ಣಿನಲ್ಲಿ ಓಣಿಯ ನಾಯಿಯೊಂದನ್ನು ನಡೆಸಿ ಹೋಲಿಸಿದೆ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಎದ್ದು ಕಾಣುತ್ತಿತ್ತು. ಸಿಮೆಂಟಿನಲ್ಲಿದ್ದದ್ದು ನನ್ನ ಅಂಗೈಯಷ್ಟು ಅಗಲವಿತ್ತು, ಉಗುರಿನ ಗುರುತು ಇರಲಿಲ್ಲ.