ಕಾಕುವಿನ ನಾಯಿಯ ಬಸಿರು

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ವರ್ಷ ನಾವು ಸದಾಶಿವ ಪೇಟೆಯ ಒಂದು ವಾಡೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಮನೆಯೊಡತಿ, ಬೆಳಗಾವಿ ಕಡೆಯ ವಿಧವೆ. ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ಅವರಿಗೊಂದು ಬಿಳಿ ಹೆಣ್ಣುನಾಯಿ. ನಮ್ಮ ಮನೆಯವರಿಗೊಂದು ಗಂಡುನಾಯಿ, ಹತ್ತಿರದ ಭೋರ್ ಎಂಬ ಊರಿನ ಗೆಳೆಯರು ಕೊಟ್ಟದ್ದು. ತಮ್ಮ ನಾಯಿ ಬೆದೆಗೆ ಬಂದಾಗಲೆಲ್ಲ ಕಾಕು ಅದನ್ನು ಕೋಣೆಯಲ್ಲಿ ಕೂಡಿಹಾಕಿ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದರು.

ಆ ಸಲವೂ ಹಾಗೇ ಮಾಡಿದ್ದರು. ಆದರೂ ಎರಡು ತಿಂಗಳಾಗುವ ಹೊತ್ತಿಗೆ ನಾಯಿಯ ಹೊಟ್ಟೆ ದಪ್ಪಗಾಯಿತು, ಮೊಲೆಗಳು ತುಂಬಿದವು. ಕಾಕು ಮೆಟ್ಟಿಲ ಬುಡದಲ್ಲಿ ನಿಂತು ನಮ್ಮವರನ್ನು ಕರೆದರು.

“ನಿಮ್ಮ ನಾಯಿ ಏನ್ ಮಾಡ್ಯದ ನೋಡ್ರಿ.”

“ಕೀಲಿ ನಿಮ್ಮ ಕಡೇನ ಇತ್ತಲ್ರಿ ಕಾಕು.”

“ಕಿಟಕಿ ಇತ್ತಲ್ಲ.”

ಕಿಟಕಿಗೆ ಸರಳುಗಳಿದ್ದವು. ಹಾಗೆನ್ನುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಅಂದಿನಿಂದ ಕಾಕು ನಮ್ಮೊಡನೆ ಮಾತು ಬಿಟ್ಟರು. ನಾನು ಅಂಗಳದ ನಳಕ್ಕೆ ಹೋದರೆ ಮುಖ ತಿರುಗಿಸುವರು. ನಮ್ಮ ನಾಯಿ ಇಳಿದು ಬಂದರಂತೂ, ಪರಗಂಡಸು ಬಂದಂತೆ, ಸೆರಗು ಸರಿಮಾಡಿಕೊಂಡು ಒಳಗೆ ಹೋಗುವರು. ಆದರೆ ಬಸಿರಿಯ ಆರೈಕೆ ಜೋರಾಗಿತ್ತು. ಹಾಸಲು ಕೌದಿ, ಕುಡಿಯಲು ಹಾಲು, ತಿನ್ನಲು ತುಪ್ಪ ಸುರಿದ ಸಿಹಿ ರವೆಯ ಸಜ್ಜಕ. ಓಣಿಯವರಿಗೆ ಮರಿಗಳನ್ನು ಕೊಡುವುದಾಗಿ ಮಾತೂ ಆಗಿತ್ತು. ನಾಯಿ ಕೌದಿಯನ್ನು ಕೆರೆದು ಗೂಡು ಮಾಡಿ, ಅಡುಗೆಮನೆಯ ಲಟ್ಟಣಿಗೆಯನ್ನು ಕಚ್ಚಿಕೊಂಡು ಹೋಗಿ ಹೊಟ್ಟೆಗೆ ಆನಿಸಿಕೊಂಡು ಮಲಗಿತು. ತೆಗೆಯಲು ಹೋದವರಿಗೆ ಗುರ್ ಎನ್ನುತ್ತಿತ್ತು. ಕಾಕು ಚಪಾತಿ ಬಿಟ್ಟು ರೊಟ್ಟಿ ಬಡಿಯತೊಡಗಿದರು.

ನಾಯಿಗೆ ಹಾಲು ಬಂತು. ಮರಿ ಮಾತ್ರ ಬರಲಿಲ್ಲ. ಒಂದು ಬೆಳಿಗ್ಗೆ ಕಾಕು ಕಣ್ಣೊರೆಸಿಕೊಳ್ಳುತ್ತ ಮಹಡಿ ಹತ್ತಿ ಬಂದರು.

“ತಂಗಿ, ದನದ ಡಾಕ್ಟರನ್ನ ಕರಕೊಂಡು ಬಾ ಅಂತ ನಿನ್ನ ಗಂಡಗ ಹೇಳವಾ. ಮರಿ ಒಳಗ ಸಿಕ್ಕೊಂಡಾವ ಅನಸ್ತದ.”

ನಮ್ಮವರು ಆಫೀಸಿಗೆ ಹೋಗದೆ ಡಾಕ್ಟರನ್ನು ಕರೆತಂದರು. ಅವರು ನಾಯಿಯ ಹೊಟ್ಟೆಯನ್ನು ನಿಧಾನವಾಗಿ ಒತ್ತಿ ನೋಡಿ, ಮರಾಠಿಯಲ್ಲಿ ವಿವರಿಸಿದರು. ಹೊಟ್ಟೆಯಲ್ಲಿ ಮರಿಗಳೇ ಇಲ್ಲ. ಬೆದೆ ಕಳೆದ ಮೇಲೆ ಕೆಲವು ಹೆಣ್ಣುನಾಯಿಗಳ ಮೈ ಬಸಿರಾದಂತೆಯೇ ನಡೆದುಕೊಳ್ಳುತ್ತದೆ. ಅದಕ್ಕೆ ಗಂಡುನಾಯಿ ಬೇಕಾಗಿಲ್ಲ. ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತದೆ. ಸಜ್ಜಕ ನಿಲ್ಲಿಸಿ, ದಿನಾ ತಿರುಗಾಡಿಸಿ, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ ಎಂದರು.

ಕಾಕು ನಾಯಿಯ ಹೊಟ್ಟೆಯನ್ನು ತಾವೂ ಒಮ್ಮೆ ಒತ್ತಿ ನೋಡಿದರು. ಆಮೇಲೆ ನಮ್ಮವರನ್ನು ಕೇಳಿದರು. “ಹಂಗಾದ್ರ ನಿಮ್ಮ ನಾಯಿದೇನೂ ತಪ್ಪಿಲ್ಲೇನು?”

“ಇಲ್ರಿ.”

ಕಾಕು ಒಳಗೆ ಹೋಗಿ, ಉಳಿದ ಸಜ್ಜಕವನ್ನೆಲ್ಲ ತಾಟಿಗೆ ಬಳಿದು ತಂದು ನಮ್ಮ ನಾಯಿಯ ಮುಂದಿಟ್ಟರು. “ತಿನ್ನಪ್ಪಾ. ಸುಮ್ಮನ ನಿನ್ನ ಮ್ಯಾಲೆ ತಪ್ಪು ಹಾಕಿದೆ.” ಡಾಕ್ಟರರೂ ನಕ್ಕುಬಿಟ್ಟರು. ಮರಿ ಕೇಳಿಕೊಂಡು ಬಂದವರಿಗೆಲ್ಲ ಕಾಕು, “ಅದಕ್ಕ ಮನಸ್ಸು ಬದಲಾತ್ರಿ” ಎನ್ನುತ್ತಿದ್ದರು.

ನಾಯಿ ತಿರುಗಾಡಬೇಕಲ್ಲ, ಕಾಕುವಿಗೆ ಮೊಣಕಾಲು ನೋವು, ಹಗ್ಗ ಹಿಡಿಯಲು ನನ್ನನ್ನು ಕರೆದರು. ಅದುವರೆಗೆ ನಾನು ಒಬ್ಬಳೇ ಓಣಿ ದಾಟಿದವಳಲ್ಲ. ಕಾಕುವೂ ನಿಧಾನಕ್ಕೆ ಜೊತೆಗೆ ಬರುತ್ತಿದ್ದರು. ದಿನಾ ಸಂಜೆ ನಾವು ಲಕಡಿ ಪೂಲ್ ಎಂಬ ಸೇತುವೆಯವರೆಗೆ ಹೋಗಿ ನದಿ ನೋಡುತ್ತ ನಿಲ್ಲುತ್ತಿದ್ದೆವು. ಯಾವ ಅಂಗಡಿಯಲ್ಲಿ ಒಳ್ಳೆಯ ಜೋಳ ಸಿಗುತ್ತದೆ, ಮಂಡೈಯ ತರಕಾರಿ ಸಂತೆಯಲ್ಲಿ ಹೇಗೆ ಚೌಕಾಸಿ ಮಾಡಬೇಕು, ಎಲ್ಲವನ್ನೂ ಕಾಕು ದಾರಿಯಲ್ಲೇ ಕಲಿಸಿದರು. ನಾಯಿ ಪೂರ್ತಿ ಗುಣವಾದ ಮೇಲೂ ಸಂಜೆಯಾದರೆ ಕೆಳಗಿನಿಂದ ಕೂಗು ಬರುತ್ತಿತ್ತು. “ತಂಗಿ, ಚಪ್ಪಲಿ ಹಾಕ್ಕೊಂಡಿ ಏನವಾ?” ನಾನು ಆಗಲೇ ಹಾಕಿಕೊಂಡು ಕೂತಿರುತ್ತಿದ್ದೆ.