ಫೋಟೋ ಕಾಕಾನ ಕರೇ ಚಿಲಿಮಿ

ಕಾಕಾನ ಎಡಗಣ್ಣ ಯಾವಾಗ್ಲೂ ಅರ್ಧ ಮುಚ್ಚಿರ್ತಿತ್ತು. ಜೀವಮಾನ ಎಲ್ಲಾ ಕ್ಯಾಮೆರಾಕ್ಕ ಬಲಗಣ್ಣ ಹಚ್ಚಿ ಹಚ್ಚಿ, ಸುಕ್ಕೆಲ್ಲಾ ಮಾರಿಯ ಎಡಗಡೆನ ಬಿದ್ದಿದ್ವು. ಗುರ್ತಿಲ್ಲದ ಹೆಣ್ಮಕ್ಕಳು ಕಣ್ಣ ಹೊಡದಾ ಅಂತ ತಿಳಕೊಂಡು ಬೈದದ್ದೂ ಐತಿ.

ನವಲಗುಂದದಾಗ ಅವಂದು ಫೋಟೋ ಸ್ಟುಡಿಯೋ. ನನಗ ಸಂಬಂಧಿಕ ಅಲ್ಲ, ಊರೆಲ್ಲಾ ಕಾಕಾ ಅಂತಿತ್ತು, ನಾನೂ ಅಂತಿದ್ದೆ. ನಂದೊಂದು ಮೂರ ಗಾಲಿ ಟಂಟಂ ಗಾಡಿ ಐತಿ. ಮದುವಿ ಸೀಜನ್‌ದಾಗ ಅವನ ಲೈಟು, ಸ್ಟ್ಯಾಂಡು ಹೇರಿಕೊಂಡು ಹಳ್ಳಿ ಹಳ್ಳಿ ತಿರಗ್ತಿದ್ದೆ. ಸಾಲಿ ಏಳನೇತ್ತಕ್ಕ ಬಿಟ್ಟಾವ ನಾ. ಬರಿಯೋದಂದ್ರ ಬ್ಯಾಸರಕಿ. ಆದ್ರ ಇದನ್ನ ಬರೀದಿದ್ರ ಹೊಟ್ಟ್ಯಾಗಿನ ಹೇಸಿಗಿ ಹೋಗೂದಿಲ್ಲ.

ಮದುವಿ ಮಂದಿದು ಒಂದ ರಾಗ. ಹುಡಿಗಿನ್ನ ಬೆಳ್ಳಗ ಮಾಡ್ರಿ. ಮೊರಬದಾಗ ಬೀಗರ ಕಡ್ಯಾವ ಒಬ್ಬ ಆಲ್ಬಂ ತಿರಿವಿ ಹಾಕಿ, "ಇಕಿ ಭಾಳ ಕರ್ರಗ ಕಾಣ್ತಾಳಲ್ರಿ" ಅಂದ. ಆ ಹುಡಿಗಿ ಅಲ್ಲೇ ಚಾದ ತಾಟ ಹಿಡಕೊಂಡು ನಿಂತಿದ್ಲು. ಕಾಕಾ ಆಕಿನ್ನೊಮ್ಮೆ, ಫೋಟೋನೊಮ್ಮೆ ನೋಡಿದ. "ಇಕಿ ಹಿಂಗ ಅದಾಳ. ಬೇಕಾದ್ರ ನಿನ್ನ ಕಣ್ಣಿಗೆ ಪೌಡರ್ ಹಚ್ಕೊ" ಅಂದ. ಆಲ್ಬಂ ವಾಪಸ್ ಬಂತು. ಬಾಜೂ ಅಂಗಡ್ಯಾಗ ಆ ಹುಡಿಗಿನ್ನ ಸುಣ್ಣ ಬಳದ ಗ್ವಾಡಿ ಮಾಡಿ ಕೊಟ್ರು. ಎಲ್ಲಾರೂ ಖುಷಿ.

ಮದುವಿ ಇಲ್ಲದಾಗ ಕಾಕಾ ಆಕಾಶದ ಫೋಟೋ ತಗೀತಿದ್ದ. ಅದೂ ಚುಕ್ಕಿದಲ್ಲ, ಚಂದ್ರಾಮಂದಲ್ಲ. ಚೇಳಿನ ಬಾಲದ ಬಾಜೂಕ, ಹಾಲ ಚೆಲ್ಲಿದಂಗ ಬೆಳ್ಳಗ ಕಾಣೂ ಪಟ್ಟಿ ನಡುವ, ಒಂದು ಕರೇ ಜಾಗ ಐತಿ. ಅಗದಿ ಸೇದೂ ಚಿಲಿಮಿ ಹಂಗ. ಅವಗ ಅದ ಬೇಕು. ಚುಕ್ಕಿ ಸರದಂಗ ಕ್ಯಾಮೆರಾನೂ ಸರೀಲಿ ಅಂತ ಸ್ಟ್ಯಾಂಡಿಗೆ ಮೋಟಾರ್ ಕೂಡಿಸಿದ್ದ. ಒಂದು ಫೋಟೋದಾಗ ಏನೂ ಹತ್ತೂದಿಲ್ಲಂತ. ತಾಸುಗಟ್ಲೆ ಅದ ಜಾಗಾನ ತಗದು ತಗದು, ಕಂಪ್ಯೂಟರ್‌ದಾಗ ಒಂದರ ಮ್ಯಾಲ ಒಂದು ಕೂಡಿಸಬೇಕು.

ಕಡ್ಲಿ ಸುಗ್ಗ್ಯಾಗ ಒಂದಿನ ಬೆಳಗಿನ ಜಾವ ಯಮನೂರು ಕಡೆ ಹೊಲದಾಗ ಚಳಿಗೆ ನಡಗಿ ನಡಗಿ ನನಗ ತಲಿ ಕೆಟ್ಟಿತ್ತು.

"ಏನೂ ಇಲ್ಲದ್ದರ ಫೋಟೋಕ್ಕ ಇಷ್ಟ್ಯಾಕ ಸಾಯ್ತಿ ಕಾಕಾ? ಅದು ತೂತು."

"ತೂತಲ್ಲಲೇ. ನಾನೂ ಮೊದಲ ಹಂಗ ತಿಳಕೊಂಡಿದ್ದೆ."

ಬಾಜೂ ಹೊಲದಾಗ ಕಡ್ಲಿ ಒಕ್ಕೂ ಮಷಿನ್ ನಡದಿತ್ತು. ಧೂಳ ಎದ್ದು, ಆಕಡೆ ನಿಂತಿದ್ದ ಟ್ರ್ಯಾಕ್ಟರ್‌ದ ಲೈಟ್ ಕಾಣದಂಗ ಆತು.

"ಟ್ರ್ಯಾಕ್ಟರ್ ಎಲ್ಲಿ ಹೋತು?" ಅಂದ ಕಾಕಾ.

"ಎಲ್ಲಿ ಹೋಗ್ತೈತಿ? ಧೂಳಿನ ಹಿಂದೈತಿ."

"ಅಂಚಿಗೆ ನೋಡು, ಲೈಟ್ ಹೆಂಗೈತಿ?"

ಧೂಳ ತೆಳ್ಳಗಿದ್ದಲ್ಲೆ ಬಿಳೇ ಲೈಟು ಕೆಂಪಗ ಕಾಣತಿತ್ತು.

"ಮ್ಯಾಲೂ ಅಷ್ಟ. ಧೂಳ, ಗ್ಯಾಸು ಒಟ್ಟೈತಿ. ಅದರ ಹಿಂದ ಚುಕ್ಕಿ ಅದಾವ, ಕಾಣವಲ್ವು. ಅಂಚಿನ್ಯಾಗಿನ ಚುಕ್ಕಿ ಕೆಂಪಗಾಗಿ ಫೋಟೋದಾಗ ಹತ್ತತಾವ. ಅದ ಧೂಳ ಒಳಗೊಳಗ ಬಿಗದು ಬಿಗದು ಮುಂದ ಹೊಸಾ ಚುಕ್ಕಿ ಆಗೂದು. ಕರ್ರಗ ಕಂಡ ಕೂಡ್ಲೆ ಖಾಲಿ ಅಂತಾರ, ಹುಚ್ಚರು."

ಅಲ್ಲಿತನಾ ನಾ ರಸ್ತಾದಾಗಿನ ತಗ್ಗ ನೋಡಿದಾವ, ಮ್ಯಾಲ ನೋಡಿದಾವಲ್ಲ. ಈಗ ಮ್ಯಾಲ ನೋಡಿದ್ರ ಚುಕ್ಕಿ ಬಿಟ್ಟು ಕರೇ ಜಾಗಾನ ಮೊದಲ ಹುಡಕ್ತೀನಿ. ಅದು ಅವನ ಋಣ.

ಆಮ್ಯಾಲೆ ಕಾಕಾನ ಕಿಡ್ನಿ ಹೋದ್ವು. ಹುಬ್ಬಳ್ಳಿ ದವಾಖಾನಿಗೆ ಒಯ್ಯೂಮುಂದ ನನ್ನ ಗಾಡ್ಯಾಗ ಕುಂತು ಅಂದ: "ನಾ ಸತ್ರ ಬ್ಯಾನರ್ ಹಾಕ್ತೀರಿ, ನನಗ ಗೊತ್ತೈತಿ. ನನ್ನ ಮಾರಿ ಬ್ಯಾಡ. ಆ ಚಿಲಿಮಿ ಫೋಟೋ ಹಾಕ್ರಿ. ಉಳದದ್ದೆಲ್ಲಾ ಮಂದಿಗೆ ತಗದದ್ದು, ಅದೊಂದ ನನಗ ತಗದದ್ದು." ಅವನ ಅಣ್ಣನ ಮಗಾನೂ ಬಾಜೂಕ ಇದ್ದ. ಹೂಂ ಅಂದ.

ಕಾಕಾ ಸತ್ತ. ಬಸ್‌ಸ್ಟ್ಯಾಂಡ್ ಮುಂದ ಬ್ಯಾನರ್ ಎದ್ದಿತು. ಗಾಡಿ ನಿಲ್ಲಿಸಿ ನೋಡಿದೆ. ನಡುವ ಕಾಕಾನ ಮಾರಿ, ಮೈದಾ ಹಚ್ಚಿದಂಗ ಬೆಳ್ಳಗ. ಬಲಗಣ್ಣ ತಗದು ಎಡಕ್ಕೂ ಅಂಟಿಸಿದ್ರು, ಎರಡೂ ಕಣ್ಣ ತೆರದು ಯಾರೋ ಆಗಿದ್ದ. ಹಿಂದ ಅವನ ಆಕಾಶ, ತುಂಬೆಲ್ಲಾ ಚುಕ್ಕಿ. ಚಿಲಿಮಿ ಇಲ್ಲ. ಹರಿಯಾಕ ಕೈ ಎತ್ತಿದೆ. ಎಷ್ಟಾದ್ರೂ ಅವನ ಮಾರಿ, ಹರೀಲಿಲ್ಲ.

ಬ್ಯಾನರ್ ಅಂಗಡಿಗೆ ಹೋದೆ. ಅಂಗಡ್ಯಾವ ನಕ್ಕೋತ ಅಂದ: "ಚಲೋ ಬಂದೈತಲ್ಲಣ್ಣಾ? ಆಕಾಶದ ಫೋಟೋದ ನಡುವ ಮಸಿ ಚೆಲ್ಲಿದಂಗ ದೊಡ್ಡ ಡಾಗ ಬಿದ್ದಿತ್ತು. ಬಾಜೂದಿಂದ ಒಂದೊಂದ ಚುಕ್ಕಿ ತಂದು ತುಂಬೇನಿ. ಗೊತ್ತಾಗ್ತೈತೇನ ನೋಡು."

ಅಣ್ಣನ ಮಗಗ ಫೋನ್ ಹಚ್ಚಿದೆ. "ಸತ್ತ ಮನಿ ಬ್ಯಾನರ್‌ದಾಗ ಕರೇ ಡಾಗ ಇಟ್ರ ಮಂದಿ ಏನಂದಾರು? ಇರಲಿ ಬಿಡಲೇ" ಅಂದ. ಮಂದಿ ಅಂತ, ಮಂದಿ. ಥೂ.

"ಮೊದಲಿಂದು ಇಟ್ಟೀಯೇನು?" ಅಂಗಡ್ಯಾವಗ ಕೇಳಿದೆ.

"ಐತಿ. ಡಾಗ ಇದ್ದದ್ದ ಬೇಕಾ?"

"ಡಾಗ ಇದ್ದದ್ದ ಬೇಕು."

ಅದನ್ನ ಪ್ರಿಂಟ್ ತಗಸಿದೆ. ಮನ್ಯಾವ್ರು ಹಾಕಲಿಲ್ಲ. ನಾ ಗಾಡಿ ಹಿಂದಿನ ಫಳಿಗೆ ಅಂಟಿಸಿದೆ.

ಮೊನ್ನೆ ಅಣ್ಣಿಗೇರಿ ಪಂಪಿನ್ಯಾಗ ಡೀಸಲ್ ಹಾಕಾವ ಒದ್ದಿ ಅರಬಿ ತಗೊಂಡು ಫೋಟೋದಾಗಿನ ಚಿಲಿಮಿನ್ನ ಗಸಗಸ ತಿಕ್ಕಾಕ ಹತ್ತಿದ್ದ.

"ಅಣ್ಣಾ, ಇದು ಹೋಗವಲ್ದು ನೋಡು."

"ಹೋಗೂದಿಲ್ಲ. ಕೈ ತಗಿ."