ಕಾಶಿಗೆ ಹೋದ ಮುತ್ಯಾ

ನನ್ನ ಮೊಮ್ಮಗಳ ಮದುವೆ ಆಯಿತು. ಈ ಸುದ್ದಿಯನ್ನು ನಾಂಪಲ್ಲಿ ಸ್ಟೇಷನ್ನಿನ ಹೊರಗೆ ಚಹಾ ಮಾರುವವನಿಗೂ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದವರಿಗೂ ಹೇಳಿದ್ದೇನೆ. ತೆಲುಗಿನವರಿಗೆ ತೆಲುಗಿನಲ್ಲಿ, ಉಳಿದವರಿಗೆ ಹಿಂದಿಯಲ್ಲಿ. ಕನ್ನಡದಲ್ಲಿ ಹೇಳುವುದು ಬಾಕಿ ಇತ್ತು, ಅದಕ್ಕೇ ಬರೆಯಲು ಕೂತೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಖುಷಿ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಹಾಗಲಕಾಯಿ ಪಲ್ಯಕ್ಕೆ ಎಷ್ಟು ಬೆಲ್ಲ ಹಾಕಿದರೂ ತಳದಲ್ಲಿ ಕಹಿ ಕೂತೇ ಇರುತ್ತದಲ್ಲ, ಹಾಗೊಂದು ಕಹಿಯೂ ಇದರಲ್ಲಿದೆ. ಅದನ್ನು ಬಿಟ್ಟು ಬರೀ ಬೆಲ್ಲವನ್ನು ಬಡಿಸಲು ನನಗೆ ಬರುವುದಿಲ್ಲ.

ನಾವು ವಿಜಯಪುರ ಕಡೆಯ ಹೊಳೆಸಾಲಿನ ಹಳ್ಳಿಯವರು. ನಾನು ಇಲ್ಲಿ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಖಲಾಸಿಯಾಗಿ ಸೇರಿ, ಭಾರ ಎತ್ತುತ್ತ ಎತ್ತುತ್ತ ಮುದುಕನಾದೆ. ಮಗ ಇಲ್ಲೇ ಹುಟ್ಟಿದ, ಮೊಮ್ಮಗಳೂ ಇಲ್ಲೇ. ಅವಳು ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ಭಾನುವಾರ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ, ರೈಲ್ವೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ತನಗೆ ಮನಸ್ಸಿಗೆ ಬಂದಿದ್ದಾನೆ ಎಂದಳು.

"ಯಾವ ಊರವಾ ಅವಂದು?" ಎಂದೆ.

"ಅಂಡಮಾನ್, ಮುತ್ಯಾ."

"ಅಷ್ಟು ದೂರ ಅವ್ರ ಹಿರೇರು ಯಾಕ ಹೋಗಿದ್ರು?"

"ಹೋಗಿರಲಿಲ್ಲ ಮುತ್ಯಾ. ಬೇಡಿ ಹಾಕಿ ಒಯ್ದಿದ್ರು."

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಎಣ್ಣೆ ಹಾಸಿಗೆಗೆ ಹತ್ತಿತು. ಆ ಮಾತು ನನಗೆ ಹೊಸದಾಗಿದ್ದರೆ ಕಾಲು ಎಳೆದುಕೊಳ್ಳುತ್ತಿರಲಿಲ್ಲ.

ನಮ್ಮ ಮಂದಿಯಲ್ಲಿ ಸಂಬಂಧ ನೋಡುವಾಗ ಹುಡುಗನ ನೌಕರಿಗಿಂತ ಮೊದಲು ಮೂರು ಪ್ರಶ್ನೆ: ಊರು ಯಾವುದು, ಮನೆದೇವರು ಯಾವುದು, ಬೆಡಗು ಯಾವುದು. ಬೆಡಗು ಅಂದರೆ ಕುಲದ ಕವಲು. ಒಂದೇ ಬೆಡಗಿನವರು ಎಷ್ಟು ದೂರದವರಾದರೂ ಅಣ್ಣತಮ್ಮಂದಿರು, ಅವರಲ್ಲಿ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಮದುವೆಗೆ ಮೊದಲು ಮನೆಯಲ್ಲಿ ಸತ್ತ ಹಿರಿಯರ ಹೆಸರಿನಲ್ಲಿ ಹೊಸ ಧೋತ್ರ, ಸೀರೆ ಇಟ್ಟು ಪೂಜೆ ಮಾಡಿ ಎಡೆ ಹಾಕಬೇಕು. ಆ ಪೂಜೆಗೆ ಅಣ್ಣತಮ್ಮಂದಿರು ಬಂದು ಕೂರಬೇಕು. ಅವರು ಬರದಿದ್ದರೆ ಪೂಜೆ ಇಲ್ಲ, ಪೂಜೆ ಇಲ್ಲದೆ ಮದುವೆ ಇಲ್ಲ.

ನನಗಿರುವುದು ಒಬ್ಬನೇ ತಮ್ಮ. ವಿಜಯಪುರದಲ್ಲಿದ್ದಾನೆ, ನನಗಿಂತ ಹೆಚ್ಚು ಓದಿದವನು, ಮನೆತನ ಅಂದರೆ ಮೀಸೆ ತೀಡುವವನು. ಫೋನಿನಲ್ಲಿ ಹೇಳಿದಾಗ, "ಊರಿಲ್ಲದವ್ರು, ದೇವ್ರಿಲ್ಲದವ್ರು, ಖೂನಿ ಮಾಡಿದವ್ರ ಪೈಕಿ. ನಾ ಪೂಜಾಕ್ಕ ಬರೂದಿಲ್ಲ ಅಣ್ಣಾ," ಎಂದ. ನನ್ನ ಮಗ, ಸೊಸೆಯದು ಒಂದೇ ಮಾತು. ಚಿಕ್ಕಪ್ಪ ಹೂಂ ಅಂದರೆ ನಾವೂ ಹೂಂ, ಅಷ್ಟೇ ಅವರ ಧೈರ್ಯ. ಮೊಮ್ಮಗಳು ಅಳಲಿಲ್ಲ. ಡ್ಯೂಟಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ನನ್ನ ಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಟ್ಟಳು.

ಕೊನೆಗೆ ನಾನೇ ತಮ್ಮನಿಗೆ, ಒಮ್ಮೆ ಬಂದು ಅವರ ಮುಖವನ್ನಾದರೂ ನೋಡು ಎಂದು ಗೋಗರೆದೆ. ಬಂದ. ಹುಡುಗನಿಗೆ ತಂದೆತಾಯಿ ಇಲ್ಲ, ಸಾಕಿದವರು ತಂದೆಯ ತಾಯಿ. ಆ ಮುದುಕಿ ದ್ವೀಪದಿಂದ ವಿಮಾನದಲ್ಲಿ ಬಂದು, ಮೊಮ್ಮಗನ ಜೊತೆ ನಮ್ಮ ಎರಡು ಕೋಣೆಯ ಮನೆಗೆ ಕಾಲಿಟ್ಟರು. ನನ್ನ ವಯಸ್ಸಿನವರೇ, ಸಣ್ಣ ಜೀವ. ಅವರ ಮಾತು ಹಿಂದಿ, ಬೇರೆ ಭಾಷೆ ಬಾರದು. ಹೈದರಾಬಾದಿನಲ್ಲಿ ಇಷ್ಟು ವರ್ಷ ತೆಗೆದ ನಮಗೆ ಅದೇನು ಕಷ್ಟವಲ್ಲ, ತಮ್ಮನಿಗೂ ತಿಳಿಯುತ್ತದೆ. ಅವರು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಒಳಗೆ ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಚಹಾ ಕುಡಿಯುತ್ತಿದ್ದ ಮುದುಕಿ ಕಪ್ಪು ಕೆಳಗಿಟ್ಟು, ಎದ್ದು, ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತರು.

"ಇದು ನಮ್ಮ ಮನೆಯ ಸದ್ದು," ಎಂದರು. "ನಮ್ಮಲ್ಲಿ ಜೋಳ ಇಲ್ಲ, ಅಕ್ಕಿಹಿಟ್ಟು. ಆದರೆ ನಮ್ಮತ್ತೆ ಹೀಗೇ ಬಡಿಯುತ್ತಿದ್ದರು. ಅವರಿಗೆ ಅವರ ಅತ್ತೆ ಕಲಿಸಿದ್ದು. ಆ ಅತ್ತೆಗೆ ಆಕೆಯ ಗಂಡ."

ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ತಿರುಗಿದಳು. "ಗಂಡ ಕಲಿಸಿದ್ನಾ? ನಮ್ಮವ್ರಿಗೆ ರೊಟ್ಟಿ ಮುರಿಯೂದೊಂದ ಗೊತ್ತು," ಎಂದು ನನ್ನ ಕಡೆ ಕೈ ತೋರಿಸಿದಳು. ಹಿಂದಿಯಲ್ಲಿ ಅದನ್ನೇ ಹೇಳಿದ ಮೇಲೆ ಇಬ್ಬರೂ ನಕ್ಕರು. ಅಲ್ಲಿಂದ ಮಾತು ಶುರುವಾಯಿತು.

ರೊಟ್ಟಿ ಕಲಿಸಿದ ಆ ಗಂಡ ಅವರ ಮಾವನ ಅಪ್ಪ. ಬಿಜಾಪುರ ಜಿಲ್ಲೆಯವನು, ಹೊಳೆದಂಡೆಯ ಹಳ್ಳಿ, ಹೆಸರು ಯಾರಿಗೂ ನೆನಪಿಲ್ಲ. ಕೊರಳಿಗೆ ಕಟ್ಟಿಗೆಯ ಬಿಲ್ಲೆ ಕಟ್ಟಿ ಹಡಗು ಹತ್ತಿಸಿದ್ದರಂತೆ. ವರ್ಷಗಟ್ಟಲೆ ಕಾಡು ಕಡಿದ ಮೇಲೆ ಒಂದು ತುಂಡು ಹೊಲ ಕೊಟ್ಟು, ಹೆಂಗಸರ ಜೈಲಿನಿಂದ ಒಬ್ಬಳನ್ನು ಮದುವೆಯಾಗಲು ಬಿಟ್ಟರಂತೆ. ಆಕೆ ಉತ್ತರದ ಕಡೆಯವಳು, ಇವನ ಮಾತು ಅವಳಿಗೆ ಬಾರದು, ಅವಳದು ಇವನಿಗೆ ಬಾರದು. ಮೊದಲ ವರ್ಷವೆಲ್ಲ ರೊಟ್ಟಿಯಲ್ಲೇ ಮಾತಾಡಿದರು ಎಂದು ಮುದುಕಿ ನಕ್ಕರು.

ನನ್ನ ಬಾಯಿ ನಿಲ್ಲಲಿಲ್ಲ. "ನಮ್ಮ ಮನೆಯಲ್ಲೂ ಒಬ್ಬನಿದ್ದ," ಎಂದುಬಿಟ್ಟೆ.

ತಮ್ಮ ಕೆಮ್ಮಿದ. ಅದು ಎಂಥ ಕೆಮ್ಮು ಎಂದು ನನಗೆ ಗೊತ್ತು.

ನಮ್ಮ ಮನೆಯಲ್ಲಿ ಹೊರಗಿನವರಿಗೆ ಹೇಳುವ ಕತೆ ಬೇರೆ: ಅಜ್ಜನ ಅಪ್ಪ ಸಂಸಾರ ಸಾಕಾಗಿ ಕಾಶಿಗೆ ಹೋದರು, ಅಲ್ಲೇ ಐಕ್ಯರಾದರು. ಒಳಗಿನವರಿಗೆ ಮಾತ್ರ ಗೊತ್ತು, ಅವನು ಹೊಲದ ಬದುವಿನ ಜಗಳದಲ್ಲಿ ಒಬ್ಬನನ್ನು ಗುದ್ದಲಿಯಿಂದ ಹೊಡೆದು ಕರಿನೀರಿಗೆ, ಅಂದರೆ ಅಂಡಮಾನಿಗೆ, ಹೋದವನು ಎಂದು. ಬದುವಿನ ಜಗಳ ಎಂದು ನಾನು ಹೇಳಿದ್ದೇ ತಡ, ಮುದುಕಿ ನನ್ನ ಮೊಣಕೈ ಹಿಡಿದರು. ಅವರವನೂ ಬದುವಿಗಾಗಿಯೇ ಹೊಡೆದದ್ದು. ಏನಿಂದ? ಗುದ್ದಲಿಯಿಂದ. ಬಿಟ್ಟುಹೋದದ್ದು ಯಾರನ್ನು? ಹೆಂಡತಿ, ತೊಟ್ಟಿಲಲ್ಲಿ ಗಂಡುಮಗು. ನಮ್ಮ ಅಜ್ಜನೂ ಆಗ ತೊಟ್ಟಿಲಲ್ಲೇ ಇದ್ದ! ಹೋದವನು ಸಿಕ್ಕ, ಹೆಂಡತಿಗೆ ರೊಟ್ಟಿ ಕಲಿಸಿಕೊಂಡು ಸುಖವಾಗಿದ್ದ ಎಂದು ಕಣ್ಣಲ್ಲಿ ನೀರು ಬಂತು. ಮುದುಕಿಯೂ "ಭೈಯಾ, ಭೈಯಾ" ಎಂದು ನನ್ನ ಕೈ ಬಿಡಲೊಲ್ಲರು.

ಆಗ ತಮ್ಮ ನಿಧಾನವಾಗಿ ಹೇಳಿದ: "ಹಂಗಾದ್ರ ಇವ್ರು ನಮ್ಮ ಬೆಡಗಿನವ್ರ ಆದ್ರು. ರಕ್ತಸಂಬಂಧ. ಈ ಹುಡುಗ ನಮ್ಮ ಹುಡುಗಿಗೆ ವರಸಿಲೆ ಕಾಕಾ ಆಗ್ತಾನ. ಮದುವಿ ಮಾತ ಮುಗೀತು."

ಹುಡುಗನಿಗೆ ಕನ್ನಡ ಬಾರದು. ಆದರೆ ಮೊಮ್ಮಗಳ ಮುಖ ನೋಡಿ ಕೈಯಲ್ಲಿದ್ದ ಕಪ್ಪನ್ನು ತಟ್ಟೆಯ ಮೇಲೆ ಇಡಲು ಹೋಗಿ ನೆಲದ ಮೇಲಿಟ್ಟ.

ಅಡುಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. "ಅಲ್ರೀ, ಇಷ್ಟ ದಿನ ಅಂವ ನಿಮ್ಮ ಹಿರೇರೊಳಗ ಇರಲಿಲ್ಲಲಾ? ಹಿರೇರ ಪೂಜಾದಾಗ ಅವನ ಎಡಿ ಎಲ್ಲೈತಿ, ಅವನ ಧೋತ್ರ ಎಲ್ಲೈತಿ? ನಾ ಈ ಮನಿಗೆ ಬಂದಾಗಿಂದ ನೋಡಾಕತ್ತೀನಿ, ಒಂದು ಹಿಡಿ ಅನ್ನ ಕಾಣಲಿಲ್ಲ. ಇವತ್ತ ಮದುವಿ ಮುರಿಯಾಕ ಬೇಕಾದ ಕೂಡ್ಲೆ ಮುತ್ಯಾ ಆಗಿಬಿಟ್ನಾ?"

"ವೈನಿ, ಕುಲದ ಮಾತು ನಿಮಗ ತಿಳಿಯೂದಿಲ್ಲ."

"ಅನ್ನದ ಮಾತು ತಿಳೀತೈತಿ."

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. "ಮುತ್ಯಾ, ನೀ ಯಾಕ ಸುಮ್ಮನ ಕುಂತಿ?"

ನಾನು ಸುಮ್ಮನೆ ಕೂತದ್ದಕ್ಕೆ ಕಾರಣವಿತ್ತು. ಮುದುಕಿ ಹೇಳಿದವನು ನಮ್ಮವನಲ್ಲ ಎಂದು ಅಷ್ಟರಲ್ಲಿ ನನಗೆ ನೆನಪಾಗಿತ್ತು. ಖುಷಿಯ ಭರದಲ್ಲಿ ಮರೆತಿದ್ದೆ, ಅಥವಾ ಮರೆಯಬೇಕು ಅನ್ನಿಸಿತ್ತೋ ಏನೋ. ಕತೆಯ ಕೊನೆ ನನಗೊಬ್ಬನಿಗೇ ಗೊತ್ತಿತ್ತು. ನಮ್ಮ ಆಯಿ, ಅಂದರೆ ನನ್ನ ಅಜ್ಜನ ಹೆಂಡತಿ, ತಾನು ಸಾಯುವ ವರ್ಷ ನನ್ನೊಬ್ಬನಿಗೆ ಹೇಳಿದ್ದಳು. ತಮ್ಮ ಆಗ ಸಣ್ಣವನು. ಅದನ್ನು ಹೇಳಿದರೆ ಮೊಮ್ಮಗಳ ಮದುವೆ ಉಳಿಯುತ್ತದೆ. ಆದರೆ ಹೊಸ ಬೀಗರ ಮುಂದೆ, ಮೊದಲ ಚಹಾದಲ್ಲೇ, ನಮ್ಮ ಮನೆಯ ಹೊಲಸನ್ನು ಹರವಬೇಕು.

ಹೇಳಿದೆ. ಬೀಗತಿಗೆ ತಿಳಿಯಲಿ ಎಂದು ಹಿಂದಿಯಲ್ಲೇ ಹೇಳಿದೆ.

ನಮ್ಮವನು ವಾಪಸು ಬಂದಿದ್ದ.

ಅವನನ್ನು ಒಯ್ದ ವರ್ಷವೇ ಮನೆಯವರು, ಕರಿನೀರು ದಾಟಿದವನು ಸತ್ತ ಹಾಗೇ ಎಂದು ತಿಥಿ ಮಾಡಿ ಮುಗಿಸಿದ್ದರು. ಹೆಂಡತಿಯ ಬಳೆ ಒಡೆದಿದ್ದರು. ತೊಟ್ಟಿಲ ಕೂಸು ಬೆಳೆದು ಮೀಸೆ ಬಂದು ಮದುವೆಯಾಯಿತು. ಆಗ ಒಂದು ದಿನ ಬೆನ್ನು ಬಾಗಿದ ಒಬ್ಬ ಮನುಷ್ಯ ಬಂದು ಬಾಗಿಲಲ್ಲಿ ನಿಂತು ನೀರು ಕೇಳಿದ. ಮನೆಯಲ್ಲಿ ಹಂದರ ಹಾಕಿದ್ದರು, ಅಜ್ಜನ ಚಿಕ್ಕಪ್ಪನ ಮಗಳ ಮದುವೆ. ಇವನನ್ನು ಒಳಗೆ ಕರೆದರೆ ಕುಲದವರು ಹೊರಗೆ ಹಾಕುತ್ತಾರೆ, ಗಂಡಿನವರು ಹಂದರದಿಂದಲೇ ಎದ್ದು ಹೋಗುತ್ತಾರೆ. ನಮ್ಮ ಅಜ್ಜ, ಅವನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಹೊಸ್ತಿಲಿಗೆ ಅಡ್ಡ ನಿಂತ. "ನಮ್ಮಪ್ಪ ಸತ್ತಾನ. ತಿಥಿ ಮಾಡೇವಿ. ನೀ ಯಾರೋ ಏನೋ," ಎಂದ.

ಒಳಗೆ ಬೀಸುಕಲ್ಲಿನ ಮುಂದೆ ಅವನ ಹೆಂಡತಿ ಕೂತಿದ್ದಳು. ಹೊರಗಿನವನು ಅವಳ ಹೆಸರು ಹಿಡಿದು ಕರೆದ. ಬೀಸುಕಲ್ಲು ನಿಲ್ಲಲಿಲ್ಲ, ಮೊದಲಿಗಿಂತ ಜೋರಾಗಿ ತಿರುಗಿತು ಎಂದಿದ್ದಳು ಆಯಿ. ಎದುರಿಗೆ ಕೂತು ಕಾಳು ಹಾಕುತ್ತಿದ್ದವಳು ಆಯಿಯೇ, ಹೊಸ ಸೊಸೆ. ಹಿಟ್ಟಿನ ಮೇಲೆ ಅತ್ತೆಯ ಕಣ್ಣೀರು ಬಿದ್ದು ಗಂಟು ಕಟ್ಟಿದ್ದನ್ನು ಆಕೆ ನೋಡಿದ್ದಳು. ಆ ಹಿಟ್ಟಿನ ಹೋಳಿಗೆಯನ್ನೇ ಮದುವೆಯ ಮಂದಿ ಉಂಡರು.

ಅವನು ಊರ ಅಗಸಿಬಾಗಿಲಿನ ಕಟ್ಟೆಯ ಮೇಲೆ ಹೋಗಿ ಕೂತ. ಹಂದರದ ಸದ್ದು ಅಲ್ಲಿಗೆ ಕೇಳುತ್ತಿತ್ತು. ಹಂದರ ಇಳಿಸುವುದರೊಳಗೆ ಅವನು ಅಲ್ಲೇ ತೀರಿಹೋದ. ಮಣ್ಣು ಮಾಡಿದವನು ಊರ ತಳವಾರ. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ, ಸತ್ತವನು ಇನ್ನೊಮ್ಮೆ ಸಾಯುವುದು ಹೇಗೆ? ಅದಕ್ಕೇ ಅವನಿಗೆ ಎಡೆ ಇಲ್ಲ, ಧೋತ್ರ ಇಲ್ಲ. ಆಮೇಲೆ ಯಾರೋ ಕಾಶಿಯ ಕತೆ ಕಟ್ಟಿದರು.

ನಾನು ಹೇಳಿ ಮುಗಿಸಿದಾಗ ಒಲೆಯ ಮೇಲಿನ ರೊಟ್ಟಿ ಸೀದುಹೋಗಿತ್ತು. ಬೀಗತಿ ಒಂದೇ ಮಾತು ಕೇಳಿದರು.

"ನೀರು ಕೇಳಿದ್ದನಲ್ಲ, ಯಾರಾದರೂ ಕೊಟ್ಟರಾ?"

"ಆಯಿ ಕೊಟ್ಟಳು. ಹೊಳೆಯಿಂದ ಕೊಡ ಹೊತ್ತು ಬರುವಾಗ ಅಗಸಿಯಲ್ಲಿ ಬಗ್ಗಿ ಅವನ ಬೊಗಸೆಗೆ ಹಾಕಿದಳು. ಮಾತಾಡಲಿಲ್ಲ."

ಅವರು ತಲೆಯಾಡಿಸಿದರು. ಆಮೇಲೆ ತಮ್ಮವನ ಕತೆಯ ಕೊನೆಯನ್ನೂ ಹೇಳಿದರು. ಅವರವನಿಗೂ ಬಿಡುಗಡೆಯಾಗಿತ್ತು. ಗಂಟು ಕಟ್ಟಿಕೊಂಡು ಹಡಗು ಹತ್ತಲು ಹೋಗಿ, ಹಡಗು ಬಿಡುವತನಕ ದಂಡೆಯಲ್ಲೇ ನಿಂತಿದ್ದು, ಮನೆಗೆ ವಾಪಸು ಬಂದ. ಹೆಂಡತಿ ಕೇಳಿದ್ದಕ್ಕೆ, "ಅಲ್ಲಿ ನಾನು ಎಂದೋ ಸತ್ತಿದ್ದೇನೆ. ಸತ್ತವನು ಬಾಗಿಲು ಬಡಿದರೆ ಮಂದಿ ಹೆದರುತ್ತಾರೆ," ಎಂದನಂತೆ. ಅವನ ಗೋರಿ ಅಲ್ಲೇ ದ್ವೀಪದಲ್ಲಿದೆ, ಪಕ್ಕದಲ್ಲಿ ತೆಂಗಿನ ಮರ.

"ಜಾಣ," ಎಂದಳು ನನ್ನ ಹೆಂಡತಿ.

ನಮ್ಮವನ ಮಣ್ಣು ಹೊಳೆಸಾಲಿನಲ್ಲಿ, ಅವರವನ ಗೋರಿ ದ್ವೀಪದಲ್ಲಿ. ಇಬ್ಬರೂ ಬೇರೆ. ನನಗಾದ ಸಮಾಧಾನ ಎಂಥದ್ದು ಹೇಳಲಿ! ಅರ್ಧ ತಾಸಿನ ಹಿಂದೆ ಸಿಕ್ಕನೆಂದು ಅತ್ತವನು, ಈಗ ಸಿಗಲಿಲ್ಲವಲ್ಲ ಎಂದು ಹಿಗ್ಗಿದೆ. ಅಂದು ಒಂದು ಮದುವೆ ಉಳಿಯಲಿ ಎಂದು ಅವನನ್ನು ಅಗಸಿಯಲ್ಲಿ ಸಾಯಬಿಟ್ಟರು. ಇಂದು ಇನ್ನೊಂದು ಮದುವೆ ಉಳಿಯಲಿ ಎಂದು ಅವನು ಅಲ್ಲೇ ಸತ್ತದ್ದು ಒಳ್ಳೆಯದಾಯಿತು ಎಂದು ನಾನೂ ಅಂದುಕೊಂಡೆ. ನಮ್ಮ ಅಜ್ಜನ ಮೇಲೆ ಸಿಟ್ಟು ಮಾಡುವ ಅಧಿಕಾರ ನನಗೆಷ್ಟಿದೆಯೋ ತಿಳಿಯದು.

ತಮ್ಮ ನನ್ನನ್ನು ಹೊರಗೆ ಕರೆದ. "ಇದನ್ನ ಪರರ ಮುಂದ ಹೇಳಾಕ ನಿನಗ ನಾಚಿಕಿ ಬರಲಿಲ್ಲೇನು?"

"ಬಂತು."

"ಊರಿಗೆ ಈ ಮಾತು ಮುಟ್ಟಬಾರ್ದು."

"ನೀ ಪೂಜಾಕ್ಕ ಬರಲಿಲ್ಲಂದ್ರ ಮಂದಿ ಯಾಕಂತ ಕೇಳ್ತಾರ. ನನಗ ಸುಳ್ಳ ಹೇಳಾಕ ಬರೂದಿಲ್ಲ."

ಅವನು ರಸ್ತೆಯ ಕಡೆ ತಿರುಗಿದ. "ಬರ್ತೀನಿ ತಗೋ," ಎಂದ. ಮೊಮ್ಮಗಳ ಮುಖ ಕರಗಿಸದ ಕಲ್ಲನ್ನು ಮಂದಿಯ ಮಾತಿನ ಭಯ ಕರಗಿಸಿತು.

ಹಿರಿಯರ ಪೂಜೆಗೆ ಬಟ್ಟೆ ತರಲು ನಾನೂ ನನ್ನ ಹೆಂಡತಿಯೂ ಸುಲ್ತಾನ್ ಬಜಾರಿಗೆ ಹೋದೆವು. ಒಂದು ಸೀರೆ, ಒಂದು ಧೋತ್ರ ತರುವುದು ರೂಢಿ. ಅವಳು ಇನ್ನೊಂದು ಧೋತ್ರವನ್ನು ಎಳೆದು ಪಕ್ಕಕ್ಕಿಟ್ಟಳು. "ಕೆಂಪು ಅಂಚಿಂದು ತಗೋರಿ, ಲಗ್ನಕ್ಕ ಬಂದಿದ್ದ ಪಾಪ," ಎಂದಳು.

ಪೂಜೆಯ ದಿನ ತಮ್ಮ ಎರಡು ಧೋತ್ರ ನೋಡಿದ. ಹಿರಿಯರಿಗೆ ಇಟ್ಟ ಬಟ್ಟೆಯನ್ನು ಪೂಜೆಯಾದ ಮೇಲೆ ಮನೆಯ ಗಂಡಸರು ಉಡಬೇಕು. ಅವನು ರೂಢಿಯದನ್ನು ಎತ್ತಿಕೊಂಡ. ಕೆಂಪು ಅಂಚಿನದು ನನಗೆ ಉಳಿಯಿತು. ಎಡೆಯನ್ನೂ ಹಾಕಿದೆವು, ಒಂದು ಹೋಳಿಗೆ, ಪಕ್ಕದಲ್ಲಿ ಒಂದು ತಂಬಿಗೆ ನೀರು.

ಮದುವೆಯ ದಿನ ಅದನ್ನೇ ಉಟ್ಟು ಓಡಾಡಿದೆ, ಅದು ಯಾರ ಧೋತ್ರ ಎಂದು ಬೀಗತಿಗೂ ಹೇಳಿದೆ. ಗಂಜಿಯ ಬಿರುಸಿಗೆ ಕಾಲಿಗೆ ತರಚುತ್ತಿತ್ತು. ಅಕ್ಷತೆ ಬೀಳುವಾಗ ಮೊಮ್ಮಗಳು ನನ್ನ ಕಡೆ ನೋಡಿ ನಕ್ಕಳು, ನಾನು ಹುಚ್ಚನ ಹಾಗೆ ಇಡೀ ಮಂಟಪಕ್ಕೆ ಕೈ ಮುಗಿದೆ.

ಊಟದ ಹೊತ್ತಿಗೆ ಸಾಲಿನ ಹಿಂದೆ ಬರುತ್ತಿದ್ದೆ. ಹುಡುಗನ ಸ್ನೇಹಿತರಲ್ಲಿ ಯಾರೋ ತಮ್ಮನನ್ನು ನಮ್ಮ ಮನೆತನದ ಬಗ್ಗೆ ಕೇಳಿರಬೇಕು. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ: "ನಮ್ಮದು ದೊಡ್ಡ ಮನೆತನ. ನಮ್ಮ ಅಜ್ಜನ ಅಪ್ಪ ಎಲ್ಲ ಬಿಟ್ಟು ಕಾಶಿಗೆ ಹೋದವರು. ಅಲ್ಲೇ ಐಕ್ಯರಾದರು."

ಅವನ ಎದುರಿಗೇ ಬೀಗತಿ ಊಟಕ್ಕೆ ಕೂತಿದ್ದರು. ತುತ್ತು ನಿಲ್ಲಿಸಿ ನನ್ನನ್ನು ನೋಡಿದರು, ನಾನುಟ್ಟ ಧೋತ್ರವನ್ನು ನೋಡಿದರು.

"ಅಚ್ಛಾ, ಕಾಶಿ," ಎಂದು, ತಮ್ಮ ಮುಂದಿದ್ದ ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.